ಕಣ್ಣು ಹೋದ ಕಡೆ

ಹುಲಿಗೆಮ್ಮ ಹೇಳಿದ್ದು, "ಕಣ್ಣು ಎಡಕ್ಕ ಹೋತ್ರಿ" ಎಂದು. ವಿಚಾರಣೆಯ ಗುಮಾಸ್ತ ಬರೆದುಕೊಂಡದ್ದು, "ನಾನು ಎಡಕ್ಕೆ ನೋಡಿದೆನು" ಎಂದು.

ಗುಮಾಸ್ತನ ಮನಸ್ಸೇನೂ ಕೆಟ್ಟದ್ದಲ್ಲ. ಜನರ ಆಡುಮಾತನ್ನು ತಿದ್ದಿ ಕಡತದ ಕನ್ನಡಕ್ಕೆ ಇಳಿಸುವುದು ಅವನ ಕೆಲಸ. ಅದನ್ನು ಅವನು ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದ. ಕಣ್ಣು ತಾನಾಗಿಯೇ ಹೇಗೆ ಹೋದೀತು, ಅದಕ್ಕೇನು ಕಾಲಿದೆಯೇ ಎಂದು ಅವನಿಗೆ ಅನ್ನಿಸಿರಬೇಕು. ಬರೆದದ್ದನ್ನು ಓದಿ ಹೇಳಿದಾಗ ಹುಲಿಗೆಮ್ಮ, "ನಾ ಹಂಗ ಅಂದಿಲ್ರಿ" ಎಂದಳು.

"ಎರಡೂ ಒಂದೇ ಅಲ್ಲೇನಮ್ಮಾ?" ಎಂದ ಗುಮಾಸ್ತ.

ಎರಡೂ ಒಂದೇ ಆಗಿದ್ದರೆ ಈ ಕಥೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆ ಎರಡು ಮಾತುಗಳ ನಡುವಿನ ಸಂದಿಯಲ್ಲಿ ಮಾರೆಪ್ಪ ಎಂಬ ಮನುಷ್ಯ ತನ್ನ ಸೈಕಲ್ ಸಮೇತ ಸತ್ತಿದ್ದ.

ಹೊಸಪೇಟೆಯ ಆಚೆಗಿನ ಗುಡ್ಡಗಳಿಂದ ಅದಿರು ತರಲು ನವಗಿರಿ ಎಂಬ ಖಾಸಗಿ ಕಂಪನಿ ತನ್ನದೇ ಹಳಿ ಹಾಕಿಕೊಂಡಿತ್ತು. ಹಳಿ ಹೊಲಗಳನ್ನು, ತಾಂಡಾಗಳನ್ನು, ಊರ ದಾರಿಗಳನ್ನು ಸೀಳಿಕೊಂಡು ಹೋಗುತ್ತಿದ್ದುದರಿಂದ ಉದ್ದಕ್ಕೂ ಗೇಟುಗಳಿದ್ದವು. ಮೊದಲು ಗೇಟಿಗೊಬ್ಬ ಮನುಷ್ಯನಿದ್ದ. ಆಮೇಲೆ ಅವನ ಜಾಗಕ್ಕೆ ಕಂಪ್ಯೂಟರು ಬಂತು. ಅಲ್ಲಿಯ ಕೆಂಪು ಧೂಳು ಅದಕ್ಕೆ ಆಗಿಬರಲಿಲ್ಲ. ಎಮ್ಮೆಯ ನೆರಳು ಬಿದ್ದರೆ ರೈಲು ನಿಲ್ಲಿಸುತ್ತಿತ್ತು, ಎಮ್ಮೆಯೇ ಬಂದು ಮಲಗಿದರೆ ಸುಮ್ಮನಿರುತ್ತಿತ್ತು. ಕೊನೆಗೆ ಕಂಪನಿ ಮನುಷ್ಯರ ಕಣ್ಣಿಗೇ ಮರಳಿತು. ಆದರೆ ಗೇಟಿಗೊಂದು ಜೊತೆ ಕಣ್ಣಲ್ಲ, ನಲವತ್ತು ಗೇಟುಗಳಿಗೆ ಒಂದು ಜೊತೆ.

ಇದನ್ನು ಸಾಧ್ಯ ಮಾಡಿಕೊಟ್ಟವರು ಡಾ. ಶ್ರೀಪಾದ ಹೆಬಸೂರ. ಧಾರವಾಡದ ಕಡೆಯವರು, ನೋಟ ಮತ್ತು ಗಮನದ ಬಗ್ಗೆ ತಲೆ ನರೆಯುವವರೆಗೆ ಓದಿದವರು. ಅವರು ಕಂಡುಹಿಡಿದ ಸಾಧನಕ್ಕೆ ಜಾಡುಪಟ್ಟಿ ಎಂದು ಹೆಸರು. ಅದರ ಹಿಂದಿನ ವಿಚಾರ ತುಂಬಾ ಸರಳ. ನಮ್ಮ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ನಾವು ಹುಡುಕುವುದಿಲ್ಲ. ಒಲೆ, ಕಿಟಕಿ, ಡಬ್ಬಿಗಳ ಸಾಲು ಇವೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದ ಕೂಡಲೇ ನೋಟ ಉಪ್ಪಿನ ಮೇಲೆ ಹೋಗಿ ಕೂತಿರುತ್ತದೆ. ಸುತ್ತಲಿನ ಜೋಡಣೆಯೇ ಕಣ್ಣಿಗೆ ದಾರಿ ತೋರಿಸುತ್ತದೆ. ಮಿದುಳು ಇದನ್ನು ನಮಗೆ ತಿಳಿಸದೆ ಗುಟ್ಟಾಗಿ ಕಲಿತಿರುತ್ತದೆ, ಕಲಿಯಲು ತಿಂಗಳುಗಳನ್ನು ತೆಗೆದುಕೊಂಡಿರುತ್ತದೆ. ಹೆಬಸೂರರ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು ಚಿತ್ರ ನೋಡುತ್ತಾ ಕೂತರೆ, ಹುಡುಕುವ ವಸ್ತು ಸಿಕ್ಕ ಗಳಿಗೆಗೆ ಸರಿಯಾಗಿ ಪಟ್ಟಿಯಿಂದ ಸಣ್ಣ ವಿದ್ಯುತ್ತು ಹರಿಯುತ್ತಿತ್ತು. ತಿಂಗಳುಗಳ ಕಲಿಕೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಬಂಡಿ ಹಾದು ಹಾದು ಮಣ್ಣಿನಲ್ಲಿ ಜಾಡು ಬೀಳುತ್ತದಲ್ಲ, ಹಾಗೆ. ಒಂದೇ ವ್ಯತ್ಯಾಸವೆಂದರೆ, ಮಣ್ಣಿನ ಜಾಡು ಒಂದು ಮಳೆಗೆ ಅಳಿಸುತ್ತದೆ, ಪಟ್ಟಿಯ ಜಾಡು ಅಳಿಸುತ್ತಿರಲಿಲ್ಲ. ಕಂಪನಿ ಇದನ್ನು ತನ್ನ ಜಾಹೀರಾತಿನಲ್ಲಿ ಗುಣವೆಂದೇ ಹೇಳಿಕೊಂಡಿತ್ತು.

ಹುಲಿಗೆಮ್ಮ ಕಮಲಾಪುರದ ಹುಡುಗಿ. ಪಿಯುಸಿ ಮುಗಿಸಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಣ್ಣು ಚುರುಕೆಂದು ಕಂಪನಿ ಅವಳನ್ನು ಆರಿಸಿಕೊಂಡಿತು. ಪಟ್ಟಿ ಕಟ್ಟಿದ ದಿನ ಎಲ್ಲ ಹುಡುಗಿಯರಿಗೂ ಹೋಳಿಗೆ ಊಟ ಹಾಕಿಸಿದ್ದರು. ಮರುದಿನದಿಂದ ಹವಾನಿಯಂತ್ರಿತ ಕೋಣೆಯಲ್ಲಿ ಕೆಲಸ. ಕಾಗದದಲ್ಲಿ ಅದಕ್ಕೆ ದೊಡ್ಡ ಹೆಸರೇನೋ ಇತ್ತು, ಹುಡುಗಿಯರು ಕಣ್ಣುಮನೆ ಎನ್ನುತ್ತಿದ್ದರು. ರೈಲು ಗೇಟಿನ ಹತ್ತಿರ ಬರುತ್ತಿದ್ದಂತೆ ಆ ಗೇಟಿನ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಹಳಿಯ ಮೇಲೆ ಯಾರೂ ಇಲ್ಲದಿದ್ದರೆ 'ಖಾಲಿ' ಒತ್ತಬೇಕು, ಇದ್ದರೆ 'ತಡೆ'. ಒತ್ತಿದ ಕೂಡಲೇ ಇನ್ನೊಂದು ಗೇಟಿನ ಚಿತ್ರ. ರೆಪ್ಪೆ ಬಡಿಯುವಷ್ಟರಲ್ಲಿ ಒಂದೊಂದು ಚಿತ್ರ ಹೋಗಬೇಕು. ತಡವಾದರೆ ಸೂಪರ್‌ವೈಸರ್ ವೀರಭದ್ರಗೌಡ ಹಿಂದೆ ಬಂದು ನಿಂತು ಕೆಮ್ಮುತ್ತಿದ್ದ.

ಒಂದೊಂದು ಗೇಟಿನಲ್ಲೂ ಜನ ಒಂದೊಂದು ಕಡೆಯಿಂದ ಬರುತ್ತಾರೆ. ಬೇವಿನಗಿಡದ ಗೇಟಿನಲ್ಲಿ ಎಡಗಡೆ, ಬೇವಿನ ಗಿಡದ ಬುಡದ ಕಾಲುದಾರಿಯಿಂದ. ಆ ಚಿತ್ರ ಬಂದರೆ ಹುಲಿಗೆಮ್ಮನ ಕಣ್ಣು ಗಿಡದ ಬುಡದಲ್ಲಿ. ಅವಳಿಗೆ ಅಲ್ಲಿ ಬೇವಿನ ಗಿಡವಿದೆ ಎಂಬುದೂ ಎಷ್ಟೋ ದಿನ ಗಮನಕ್ಕೆ ಬಂದಿರಲಿಲ್ಲ. ಕೈ ತಾನಾಗಿ ಗುಂಡಿ ಒತ್ತುತ್ತಿತ್ತು, ಬಾಯಿ ಪಕ್ಕದ ಹುಡುಗಿಯ ಜೊತೆ ಧಾರಾವಾಹಿಯ ಮಾತಾಡುತ್ತಿತ್ತು. ಆ ದಿನಗಳಲ್ಲಿ ಅವಳು ಕೆಲಸವನ್ನು ಇಷ್ಟಪಟ್ಟಿದ್ದಳು.

ಹೀಗಿರುವಾಗ ಕಂಪನಿಯೇ ಬೇವಿನಗಿಡದ ಗೇಟಿನ ಎಡಕ್ಕೆ ಕಾಲುವೆ ತೋಡಿಸಿ ತಂತಿಬೇಲಿ ಹಾಕಿಸಿತು. ಜನ ಬಲಗಡೆಯ ಮೋರಿಯ ಪಕ್ಕದಿಂದ ದಾಟತೊಡಗಿದರು. ಪಟ್ಟಿ ಕಟ್ಟಿ ಹೊಸ ಜಾಡು ಹಾಕಬೇಕೆಂದರೆ ಕಣ್ಣುಮನೆಯನ್ನು ಮುಚ್ಚಬೇಕು, ರೈಲು ನಿಲ್ಲಿಸಬೇಕು. ಅದರ ಬದಲು ಗೋಡೆಗೆ ಒಂದು ಸುತ್ತೋಲೆ ಅಂಟಿಸಿದರು: ಬೇವಿನಗಿಡದ ಗೇಟಿನಲ್ಲಿ ಇನ್ನು ಮುಂದೆ ಬಲಗಡೆ ಗಮನ ಹರಿಸತಕ್ಕದ್ದು. ವಿದ್ಯುತ್ತಿನಿಂದ ಬಿದ್ದ ಜಾಡು ಕಾಗದದಿಂದ ಅಳಿಸುತ್ತದೆ ಎಂದು ಅವರು ನಂಬಿದ್ದರು. ಅಥವಾ ನಂಬಿದಂತೆ ಇದ್ದರು.

ಹುಲಿಗೆಮ್ಮ ನಾಲ್ಕು ದಿನ ಹೆಣಗಿದಳು. ಚಿತ್ರ ಬರುವ ಮೊದಲೇ "ಬಲಕ್ಕ, ಬಲಕ್ಕ" ಎಂದು ಬಾಯಲ್ಲಿ ಹೇಳಿಕೊಳ್ಳುವಳು. ಚಿತ್ರ ಬಂತೋ, ಕಣ್ಣು ಗಿಡದ ಬುಡದಲ್ಲಿ. ಅಲ್ಲಿಂದ ಎಳೆದು ತರುವಷ್ಟರಲ್ಲಿ ಗೌಡನ ಕೆಮ್ಮು.

"ಸರ್, ಬಲಕ್ಕ ನೋಡ್ಬೇಕಂತ ನನಗ ಗೊತ್ತೈತ್ರಿ. ಕಣ್ಣು ಕೇಳವಲ್ದು."

"ಕಣ್ಣು ನಿಂದೋ ನಂದೋ?" ಎಂದ ವೀರಭದ್ರಗೌಡ.

ಅಕ್ಕಪಕ್ಕದ ಹುಡುಗಿಯರು ನಕ್ಕರು. ಅವಳೂ ನಕ್ಕಳು. ಆಮೇಲೆ ಎಷ್ಟೋ ಸಲ ಆ ನಗು ನೆನಪಾಗಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮಾರೆಪ್ಪ ಕ್ವಾರಿಗೆ ಕುಡಿಯುವ ನೀರಿನ ಕ್ಯಾನು ಹಾಕುವವನು. ಆ ಬೆಳಿಗ್ಗೆ ಸೈಕಲ್ಲಿನ ಹಿಂದೆ ಎರಡು ಕ್ಯಾನು ಕಟ್ಟಿಕೊಂಡು ಮೋರಿಯ ಪಕ್ಕದಿಂದ ಹಳಿ ಹತ್ತಿದ. ಕ್ಯಾನಿನ ಭಾರಕ್ಕೆ ಸೈಕಲ್ಲು ಹಳಿಯ ನಡುವೆ ಸಿಕ್ಕಿಕೊಂಡಿತು. ಪರದೆಯಲ್ಲಿ ಚಿತ್ರ ಬಂತು, ಹುಲಿಗೆಮ್ಮನ ಕಣ್ಣು ಎಡಕ್ಕೆ ಹೋಯಿತು, ಅಲ್ಲಿ ಯಾರೂ ಇರಲಿಲ್ಲ, ಕೈ 'ಖಾಲಿ' ಒತ್ತಿತು. ಚಿತ್ರ ಮಾಯವಾಗುವ ಕೊನೆಯ ಗಳಿಗೆಯಲ್ಲಿ ಬಲಗಡೆ ಅಂಚಿನಲ್ಲಿ ಏನೋ ಹಳದಿ ಕಂಡಿತು. ಅವಳು ಚೀರಿಕೊಂಡು 'ತಡೆ' ಒತ್ತಿದಳು. ಅಷ್ಟರಲ್ಲಿ ಬೇರೆ ಗೇಟಿನ ಚಿತ್ರ ಬಂದಿತ್ತು. ಅವಳು ಒತ್ತಿದ್ದಕ್ಕೆ ಬೇರೆಲ್ಲೋ ಒಂದು ರೈಲು ನಿಂತಿತು. ಅಲ್ಲಿ ಹಳಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಕಂಪನಿಯ ಕಾನೂನು ಅಧಿಕಾರಿ ಮನೆಗೇ ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಹುಲಿಗೆಮ್ಮನ ಗಂಡ ಪಂಪಾಪತಿ ಅದಿರಿನ ಟಿಪ್ಪರ್ ಓಡಿಸುವವನು, ಹೋದನೆಂದರೆ ವಾರಗಟ್ಟಲೆ ಮನೆಗೆ ಬರುವವನಲ್ಲ. ಸುದ್ದಿ ತಿಳಿದು ಬಂದಿದ್ದ. ಇಬ್ಬರನ್ನೂ ಕೂರಿಸಿಕೊಂಡು ಅಧಿಕಾರಿ ದೃಷ್ಟಿ ಸ್ವಾಧೀನ ಕಾಯ್ದೆಯನ್ನು ಬಿಡಿಸಿ ಹೇಳಿದ.

ಜಾಡುಪಟ್ಟಿ ನಾಡಿನಲ್ಲೆಲ್ಲ ಹರಡಿದ ಮೇಲೆ ಬಂದ ಕಾಯ್ದೆ ಅದು. ಡ್ರೈವರುಗಳು, ಕಾವಲಿನವರು, ಎಲ್ಲರ ಹಣೆಗೂ ಪಟ್ಟಿ ಬಿದ್ದು, ಅವಘಡವಾದಾಗಲೆಲ್ಲ ಎಲ್ಲರೂ ಕಣ್ಣಿನ ಮೇಲೆ ತಪ್ಪು ಹೊರಿಸತೊಡಗಿದಾಗ ಸರ್ಕಾರ ಒಂದು ಪ್ರಶ್ನೆಯನ್ನು ನಿಗದಿ ಮಾಡಿತು. ಕಲಿತ ಜಾಡಿನಿಂದ ಕಣ್ಣನ್ನು ಸ್ವಂತ ಇಚ್ಛೆಯಿಂದ ತಿರುಗಿಸಲು ಬರುತ್ತದೋ, ಇಲ್ಲವೋ? ಬರುತ್ತದಾದರೆ ಅಲ್ಲಿ ನೋಡದಿದ್ದದ್ದು ನಿರ್ಲಕ್ಷ್ಯ, ಶಿಕ್ಷೆ ಒಂದು ವರ್ಷ. ಬರುವುದಿಲ್ಲವಾದರೆ ಆ ಮನುಷ್ಯನ ತಪ್ಪಿಲ್ಲ, ಪಟ್ಟಿ ಕಟ್ಟಿದವರ ತಪ್ಪು. ಆದರೆ ಆ ಮನುಷ್ಯನಿಗೆ ಪರಾಧೀನ ದೃಷ್ಟಿ ಎಂಬ ಪ್ರಮಾಣಪತ್ರ ಸಿಗುತ್ತದೆ. ಪತ್ರ ಸಿಕ್ಕವರು ವಾಹನ ಓಡಿಸುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ, ಹನ್ನೆರಡು ತುಂಬದ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವಂತಿಲ್ಲ.

"ನೋಡಿಕೊಳ್ಳುವಂತಿಲ್ಲ ಅಂದ್ರ?" ಎಂದಳು ಹುಲಿಗೆಮ್ಮ.

"ನಿಮ್ಮ ಯಜಮಾನ್ರು ಮನೇಲಿ ಇರೋದೇ ಕಡಿಮೆ. ಮಗುನ ಬೇರೆ ಕಡೆ ಇಡಬೇಕಾಗುತ್ತೆ. ನಾನು ಹೇಳ್ತಿರೋದಲ್ಲಮ್ಮ, ಕಾಯ್ದೆ ಹೇಳೋದು," ಎಂದ ಅಧಿಕಾರಿ. "ನೋಡಿದೆನು ಅಂತ ಬರೆದಿದ್ದಾರಲ್ಲ, ಅದಕ್ಕೇ ಸಹಿ ಹಾಕಿಬಿಡಿ. ಒಂದು ವರ್ಷ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಹೋಗುತ್ತೆ."

ಮಗಳು ಸ್ಫೂರ್ತಿಗೆ ಆಗಷ್ಟೇ ಐದು ತುಂಬಿತ್ತು.

ಅಧಿಕಾರಿ ಹೋದ ಮೇಲೆ ಪಂಪಾಪತಿ, "ಸಹಿ ಹಾಕಬ್ಯಾಡ," ಎಂದ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಬೇಲಿ ಹಾಕಿದವ್ರು ಅವ್ರು, ಪಟ್ಟಿ ಕಟ್ಟಿದವ್ರು ಅವ್ರು. ಜೇಲಿಗೆ ಹೋಗಾಕೆ ನೀನು?"

"ಪತ್ರ ಕೊಟ್ರ ಪಾಪೂನ ಏನ್ ಮಾಡ್ತೀರಿ?"

"ಸಿರುಗುಪ್ಪಾದಾಗ ನಮ್ಮಕ್ಕ ಅದಾಳಲ್ಲ."

"ಏಳು ವರ್ಷ?"

ಟಿಪ್ಪರ್ ಬಿಟ್ಟು ಮನೆಯಲ್ಲಿರುತ್ತೇನೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಬರಲಿಲ್ಲವೆಂದು ಅವಳು ಅವನನ್ನು ಬಯ್ಯಲೂ ಇಲ್ಲ, ಬಯ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಅವಳಿಗೆ ತನ್ನ ಕಣ್ಣಿನ ಮೇಲೆ ಗುಮಾನಿ. ಮನೆಯ ಹಿತ್ತಿಲಲ್ಲಿ ಎಡಕ್ಕೊಂದು ನುಗ್ಗೆ ಮರ, ಅದರ ಬುಡದಲ್ಲಿ ಹಳೆಯ ಒರಳುಕಲ್ಲು. ನಡುವೆ ಅಡ್ಡಕ್ಕೆ ಬಟ್ಟೆ ಹರವುವ ಬಿದಿರ ಗಳ. ಬಲಕ್ಕೆ ನೀರಿನ ನೀಲಿ ಡ್ರಮ್ಮು. ಹಿಂದೆ ತಗಡಿನ ಬೇಲಿ, ಅದರಾಚೆ ಲಾರಿಗಳ ರಸ್ತೆ. ಮರ, ಅಡ್ಡ ಗಳ, ಬೇಲಿ, ರಸ್ತೆ. ಬೇವಿನಗಿಡದ ಗೇಟು ಪರದೆಯಿಂದ ಇಳಿದು ಅವಳ ಹಿತ್ತಿಲಿಗೆ ಬಂದು ಕೂತಂತಿತ್ತು. ಬಂದದ್ದು ಈಗಲ್ಲ, ಮೊದಲೇ ಇತ್ತು, ಅವಳಿಗೆ ತಿಳಿದದ್ದು ಈಗ.

ಸ್ಫೂರ್ತಿಗೆ ಕಣ್ಣಾಮುಚ್ಚಾಲೆಯ ಹುಚ್ಚು. ದಿನಾ ಸಂಜೆ ಹಿತ್ತಿಲಲ್ಲಿ ಅವ್ವನ ಜೊತೆ ಆಡಲೇಬೇಕು. ಹುಲಿಗೆಮ್ಮ ಬಾಗಿಲಿಗೆ ಮುಖ ಮಾಡಿ ಎಣಿಸಿ ತಿರುಗುವಳು, ಕಣ್ಣು ನುಗ್ಗೆ ಮರದ ಬುಡಕ್ಕೆ ಹೋಗುವುದು. ಮಗು ಡ್ರಮ್ಮಿನ ಹಿಂದೆ ಅರ್ಧ ಮೈ ಹೊರಗೆ ಬಿಟ್ಟುಕೊಂಡು ಕೂತಿರುತ್ತಿತ್ತು. ಮೊದಮೊದಲು ಗೆದ್ದೆನೆಂದು ಕುಣಿಯಿತು. ಒಂದು ಸಂಜೆ ಡ್ರಮ್ಮಿನ ಪಕ್ಕದಲ್ಲಿ ಪೂರ್ತಿ ಎದ್ದು ನಿಂತೇ ಇತ್ತು. ಹುಲಿಗೆಮ್ಮ ಎಡಕ್ಕೆ ಹುಡುಕಿ, ಒರಳುಕಲ್ಲಿನ ಹಿಂದೆ ಬಗ್ಗಿ, "ಎಲ್ಲದೀಯವ್ವಾ?" ಎಂದು ಕೂಗಿದಳು.

"ನಾ ಇಲ್ಲೇ ನಿಂತೇನಿ," ಎಂದಿತು ಮಗು ಅಳುದನಿಯಲ್ಲಿ. "ನಿನಗ ಯಾಕ ಕಾಣವಲ್ಲೆ?"

ಹುಲಿಗೆಮ್ಮ ಅದನ್ನು ಎತ್ತಿಕೊಂಡು ಒಳಗೆ ಬಂದಳು. ರಸ್ತೆಯಲ್ಲಿ ಲಾರಿ ಹೋದ ಸದ್ದಿಗೆ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದಳು. ಕಾಯ್ದೆ ಬರೆದವರು ಪೂರ್ತಿ ಮೂರ್ಖರಲ್ಲ ಎಂಬ ಯೋಚನೆ ಅವಳಿಗೆ ಅಂದು ಮೊದಲ ಸಲ ಬಂತು, ಅದಕ್ಕಾಗಿ ಅವರನ್ನು ಇನ್ನಷ್ಟು ದ್ವೇಷಿಸಿದಳು.

ಅವಳು ಸಹಿ ಹಾಕದಿದ್ದುದರಿಂದ ಕಾಯ್ದೆಯಂತೆ ಕಣ್ಣಿನ ಪರೀಕ್ಷೆಯಾಯಿತು. ಅದು ನಡೆದದ್ದು ಕಣ್ಣುಮನೆಯ ಮಹಡಿಯ ಮೇಲೆ, ಹೆಬಸೂರರ ಪ್ರಯೋಗಶಾಲೆಯಲ್ಲಿ. ಮೆಟ್ಟಿಲಲ್ಲಿ ಎದುರಾದ ಹಳೆಯ ಗೆಳತಿಯರು ಮಾತಾಡಿಸದೆ ಇಳಿದುಹೋದರು. ಅವಳು ಗೆದ್ದರೆ ಅವರೆಲ್ಲರಿಗೂ ಪರಾಧೀನ ಪತ್ರ ಕಟ್ಟಿಟ್ಟದ್ದು. ಅವರಿಗೂ ಮಕ್ಕಳಿದ್ದವು.

ಹೆಬಸೂರರು ಅವಳ ಗದ್ದವನ್ನು ಒಂದು ಆಸರೆಯ ಮೇಲೆ ಇರಿಸಿದರು. ಎದುರಿಗೆ ಪರದೆ, ಕೆಳಗೊಂದು ಸಣ್ಣ ಕ್ಯಾಮೆರಾ. ನೋಟ ಹೋದಲ್ಲೆಲ್ಲ ಪಕ್ಕದ ಇನ್ನೊಂದು ಪರದೆಯಲ್ಲಿ ಕೆಂಪು ಚುಕ್ಕೆ ಓಡುತ್ತಿತ್ತು.

"ಬೇವಿನಗಿಡದ ಗೇಟು ಬರ್ತದ. ಎಡಕ್ಕ ಹೋಗಬ್ಯಾಡ್ರಿ, ಬಲಕ್ಕ ನೋಡ್ರಿ. ಅವಸರ ಇಲ್ಲ," ಎಂದರು.

ಮೊದಲ ಸಲ ಚುಕ್ಕೆ ಎಡಕ್ಕೆ ಹಾರಿತು. ಎರಡನೆಯ ಸಲವೂ. ಹುಲಿಗೆಮ್ಮ ಕಣ್ಣು ಮುಚ್ಚಿದಳು, ಉಸಿರು ಬಿಗಿಹಿಡಿದಳು, ಬಲಗಡೆಯ ಮೋರಿಯನ್ನು ಮನಸ್ಸಿನಲ್ಲಿ ನೆನೆದುಕೊಂಡು ಕಣ್ಣು ತೆರೆದಳು. ಚುಕ್ಕೆ ನಡುಗಿತು, ನಡುವೆ ನಿಂತಿತು, ಆಮೇಲೆ ಬಲಕ್ಕೆ ಸರಿಯಿತು. ಅವಳ ಹಣೆಯ ಮೇಲೆ ಬೆವರು ಬಂದಿತ್ತು. ಹಾಗೆಯೇ ಮತ್ತೆ ಮಾಡಿದಳು, ಮತ್ತೆ ಬಲಕ್ಕೆ ಹೋಯಿತು. ಅವಳಿಗೆ ಸಂತೋಷವಾಯಿತು. ಕಣ್ಣು ತಿರುಗಿತೆಂದರೆ ಜೈಲು, ಸಂತೋಷಪಡುವಂಥದ್ದಲ್ಲವೆಂದು ಆಮೇಲೆ ಹೊಳೆಯಿತು.

"ಈಗ ಕೆಳಗ ಹೆಂಗ ಮಾಡ್ತಿದ್ರಿ ಹಂಗ," ಎಂದು ಹೆಬಸೂರರು ಎಲ್ಲ ಗೇಟುಗಳನ್ನೂ ಕಣ್ಣುಮನೆಯ ವೇಗದಲ್ಲಿ ಓಡಿಸಿದರು. ಅವುಗಳ ನಡುವೆ ಬೇವಿನಗಿಡದ ಗೇಟು ಬಂದಾಗಲೆಲ್ಲ ಚುಕ್ಕೆ ಎಡಕ್ಕೆ. ಪ್ರತಿ ಸಲ. ಒಮ್ಮೆಯೂ ತಪ್ಪಲಿಲ್ಲ.

ಹೆಬಸೂರರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಇಚ್ಛಾ ಅನ್ನೋದು ಅದ ಹುಲಿಗೆಮ್ಮ," ಎಂದರು. "ಇಲ್ಲ ಅಂತಲ್ಲ. ಆದ್ರ ಅದು ನಡಕೋತ ಬರ್ತದ. ಜಾಡು ಓಡಿ ಬರ್ತದ. ಹೊತ್ತು ಕೊಟ್ರ ಇಚ್ಛಾ ಬಂದು ಮುಟ್ಟತದ. ಕೆಳಗ ನಿಮಗ ಹೊತ್ತು ಎಲ್ಲಿತ್ತು?"

"ಅಷ್ಟ ಹೇಳ್ರಿ ಸಾಹೇಬ್ರ. ಹೊತ್ತು ಕೊಡಲಿಲ್ಲ ಅನ್ನೋದಷ್ಟ ಹೇಳ್ರಿ."

"ಹೇಳ್ತೀನಿ," ಎಂದರು. ಹೇಳುವ ಮನಸ್ಸು ಅವರಿಗೆ ಆಗ ಇದ್ದೇ ಇತ್ತು.

ಅವರು ಹೇಳುವುದಾಗಿದ್ದ ಮಾತು ಕಾಯ್ದೆಯ ಎರಡು ಗೂಡುಗಳಲ್ಲಿ ಯಾವುದರಲ್ಲೂ ಹಿಡಿಯುವಂಥದ್ದಲ್ಲ. ಕಣ್ಣು ಸ್ವಾಧೀನದಲ್ಲೂ ಇದೆ, ಇಲ್ಲ ಕೂಡ. ನಡುವೆ ಇರುವುದು ಹೊತ್ತು. ಆ ಹೊತ್ತನ್ನೇ ಕಂಪನಿ ಚಿಟಿಕೆ ಚಿಟಿಕೆಯಾಗಿ ಕಿತ್ತುಕೊಂಡು ನಲವತ್ತು ಗೇಟುಗಳಿಗೆ ಹಂಚಿತ್ತು. ಆ ಮಾತು ಕಡತಕ್ಕೆ ಹೋದರೆ ಹುಲಿಗೆಮ್ಮನಿಗೆ ಜೈಲೂ ಇಲ್ಲ, ಪತ್ರವೂ ಇಲ್ಲ, ಮಗಳೂ ಉಳಿಯುತ್ತಾಳೆ.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ವಿಚಾರಣಾಧಿಕಾರಿ ವಯಸ್ಸಾದ ಹೆಂಗಸು, ಮಂಡಿನೋವಿನವರು, ಬೇಗ ಮುಗಿದರೆ ಸಾಕೆಂದು ಇದ್ದವರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಮಾರೆಪ್ಪನ ತಾಯಿ ಈರಮ್ಮ ಕೂತಿದ್ದಳು.

"ಡಾಕ್ಟರೇ, ಕಾಯ್ದೆಯ ಪ್ರಶ್ನೆ ಒಂದೇ," ಎಂದರು ಅಧಿಕಾರಿ. "ಈಕೆ ಕಣ್ಣನ್ನು ಜಾಡಿನಿಂದ ತಿರುಗಿಸಬಲ್ಲಳೋ ಇಲ್ಲವೋ?"

"ಹೊತ್ತು ಕೊಟ್ಟರ ತಿರುಗಿಸಬಲ್ಲಳು," ಎಂದರು ಹೆಬಸೂರ.

"ಅಂದರೆ ತಿರುಗಿಸಬಲ್ಲಳು."

"ಹೊತ್ತು ಕೊಟ್ಟರ, ಮೇಡಂ. ಅದ ಮುಖ್ಯ."

"ಹೊತ್ತಿನ ವಿಚಾರ ಕಂಪನಿಯ ಆಡಳಿತದ್ದು. ಈ ಕಾಯ್ದೆಗೆ ಸಂಬಂಧಿಸಿದ್ದಲ್ಲ. ಸಾಮರ್ಥ್ಯ ಇದೆಯೋ ಇಲ್ಲವೋ?"

ಹೆಬಸೂರರು ಕಂಪನಿಯ ಕಾನೂನು ಅಧಿಕಾರಿಯ ಕಡೆ ನೋಡಿದರು. ಅವನು ಫ್ಯಾನನ್ನು ನೋಡುತ್ತಿದ್ದ. ಸಾಮರ್ಥ್ಯ ಇಲ್ಲ ಎಂದರೆ ನಾಡಿನ ಎಲ್ಲ ಪಟ್ಟಿಗಳೂ ನಾಳೆ ಗುಜರಿಗೆ. ಇದೆ ಎಂದರೂ ಸುಳ್ಳೇನಲ್ಲ. ಸುಳ್ಳಾಡದೆಯೇ ಅನ್ಯಾಯ ಮಾಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

"ಅದ," ಎಂದರು.

ಗುಮಾಸ್ತ ಬರೆದುಕೊಂಡ: ಸಾಮರ್ಥ್ಯ ಇರುತ್ತದೆಂದು ತಜ್ಞರು ನುಡಿದರು. ಹೆಬಸೂರರು ಇನ್ನೇನೋ ಹೇಳಲು ಬಾಯಿ ತೆರೆದು, ಹುಲಿಗೆಮ್ಮನ ಕಡೆ ತಿರುಗದೆ, ಕುಳಿತುಕೊಂಡರು. ಆ ಕುಳಿತುಕೊಳ್ಳುವುದು ಮಾತ್ರ ಪೂರ್ತಿಯಾಗಿ ಅವರ ಸ್ವಂತ ಇಚ್ಛೆಯದಾಗಿತ್ತು.

ವಿಚಾರಣಾಧಿಕಾರಿ ಕೆಟ್ಟವರಲ್ಲ. ಹುಲಿಗೆಮ್ಮನನ್ನು ಹತ್ತಿರ ಕರೆದು ಮೆತ್ತಗೆ ಹೇಳಿದರು: "ನೋಡಮ್ಮ, ಒಪ್ಪದಿದ್ದರೆ ಮೇಲಿನ ಮಂಡಳಿಗೆ ಹೋಗಬಹುದು. ಅಲ್ಲಿ ಗೆದ್ದರೆ ಜೈಲಿಲ್ಲ, ಪತ್ರ ಕೊಡುತ್ತಾರೆ. ಇಲ್ಲ ಅಂದರೆ ಇದಕ್ಕೆ ಸಹಿ ಹಾಕು."

ಹುಲಿಗೆಮ್ಮ ಕಾಗದವನ್ನು ನೋಡಿದಳು. ನಾನು ಎಡಕ್ಕೆ ನೋಡಿದೆನು. ಆ ನಾನು ಯಾರೆಂದು ಅವಳಿಗೆ ತಿಳಿಯಲಿಲ್ಲ. ಅಂಥವಳೊಬ್ಬಳು ಆ ಬೆಳಿಗ್ಗೆ ಆ ಕುರ್ಚಿಯ ಮೇಲೆ ಇರಲೇ ಇಲ್ಲ. ಕುರ್ಚಿಯ ಮೇಲೆ ಎರಡು ಕಣ್ಣಿದ್ದವು, ಒಂದು ಕೈಯಿತ್ತು. ಒಂದು ವರ್ಷವೋ, ಏಳು ವರ್ಷವೋ? ಅಷ್ಟೇ ಲೆಕ್ಕ ಅವಳಿಗೆ ಉಳಿದದ್ದು. ಸಹಿ ಹಾಕಿದಳು. ಹಾಕುವಾಗ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು, ಎಲ್ಲರಿಗಿಂತ ಹೆಚ್ಚಾಗಿ ಆ ಅಚ್ಚುಕಟ್ಟಾದ 'ನೋಡಿದೆನು' ಎಂಬ ಮಾತಿನ ಮೇಲೆ.

ಹೊರಗೆ ಹೊಂಗೆ ಮರದ ನೆರಳಿನಲ್ಲಿ ಈರಮ್ಮ ಅವಳಿಗಾಗಿ ಕಾಯುತ್ತಿದ್ದಳು. ಜಗಳಕ್ಕೆ ನಿಂತವಳಂತೆ ಇರಲಿಲ್ಲ. ಒಂದು ಮಾತು ಕೇಳಿಕೊಂಡು ಹೋಗೋಣವೆಂದು ನಿಂತಿದ್ದಳು.

"ದೂರದಿಂದ ಕಾಣ್ಲಿ ಅಂತ ಹಳದಿ ಅಂಗಿ ನಾನ ತಂದುಕೊಟ್ಟಿದ್ನೆವ್ವಾ," ಎಂದಳು. "ನಿನಗ ಕಾಣ್ಲಿಲ್ಲೇನು?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಂದು ಅಷ್ಟು ಹೊತ್ತು ಎಲ್ಲರೂ ತಿದ್ದಿದ ಮಾತನ್ನೇ ಆಡಿದ್ದರು. ಹುಲಿಗೆಮ್ಮನಿಗೆ ಒಂದಾದರೂ ನಿಜ ಹೇಳಬೇಕೆನಿಸಿತು.

"ಕಾಣ್ತಬೇ," ಎಂದಳು. "ಕಡೀಕ ಕಾಣ್ತು."

ಮುದುಕಿ ಅವಳ ಮುಖವನ್ನೇ ದಿಟ್ಟಿಸಿದಳು. "ಕಂಡೂ ಬಿಟ್ಟಿ ಹಂಗಾರ," ಎಂದಳು. ಸೆರಗು ತಲೆಗೆ ಹೊದ್ದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹುಲಿಗೆಮ್ಮ ಹಿಂದಿನಿಂದ ಏನು ಕೂಗಿ ಹೇಳಿದ್ದರೂ ಅದು ಆ ಕಿವಿಗೆ ಹೋಗುತ್ತಿರಲಿಲ್ಲ.

ಜೈಲಿಗೆ ಹೋಗಲು ಅವಳಿಗೆ ಕೆಲವು ದಿನಗಳ ಗಡುವು ಕೊಟ್ಟರು. ಅಷ್ಟರಲ್ಲಿ ಕಂಪನಿ ಕಣ್ಣುಮನೆಯನ್ನು ಒಂದು ದಿನ ಮುಚ್ಚಿ, ಎಲ್ಲ ಹುಡುಗಿಯರಿಗೂ ಮತ್ತೆ ಪಟ್ಟಿ ಕಟ್ಟಿ, ಬೇವಿನಗಿಡದ ಗೇಟಿಗೆ ಬಲಗಡೆಯ ಹೊಸ ಜಾಡು ಹಾಕಿಸಿತು. ಮತ್ತೆ ಹೋಳಿಗೆ ಊಟವಾಯಿತಂತೆ. ಅದೇ ವಾರ ತಾಂಡಾದ ಹುಡುಗರು ಎಡಗಡೆಯ ತಂತಿಬೇಲಿಯನ್ನು ಕತ್ತರಿಸಿ, ಕಾಲುವೆಗೆ ಒಂದು ಕಲ್ಲುಚಪ್ಪಡಿ ಹಾಕಿಕೊಂಡರು. ಮೋರಿಯ ಪಕ್ಕ ಸತ್ತವನ ದಾರಿಯಲ್ಲಿ ನಡೆಯಲು ಜನಕ್ಕೆ ಮನಸ್ಸಿರಲಿಲ್ಲ. ಈಗ ಎಲ್ಲರೂ ಮತ್ತೆ ಬೇವಿನ ಗಿಡದ ಬುಡದಿಂದಲೇ ದಾಟುತ್ತಾರೆ. ಪಂಪಾಪತಿ ಟಿಪ್ಪರಿನಿಂದ ಇದನ್ನು ಕಂಡು ಬಂದು ಹೇಳಿದಾಗ ಹುಲಿಗೆಮ್ಮ ಸುತ್ತೋಲೆ ಅಂಟಿಸಿದ್ದಾರೇನು ಎಂದು ಕೇಳಿದಳು.

ಸಿರುಗುಪ್ಪದಿಂದ ಪಂಪಾಪತಿಯ ಅಕ್ಕ ಬಂದು ಸ್ಫೂರ್ತಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದ್ದಳು. ಹುಲಿಗೆಮ್ಮನನ್ನು ಒಯ್ಯುವ ಪೊಲೀಸ್ ಜೀಪು ಬರಲು ಇನ್ನೂ ಹೊತ್ತಿತ್ತು. ಮಗು ಅವ್ವನ ಕೈ ಹಿಡಿದು ಹಿತ್ತಿಲಿಗೆ ಎಳೆಯಿತು. "ಒಂದ ಆಟ," ಎಂದಿತು.

ಹುಲಿಗೆಮ್ಮ ಬಾಗಿಲಿಗೆ ಮುಖ ಮಾಡಿ ಎಣಿಸಿದಳು. ಇವತ್ತಾದರೂ ಮಗುವನ್ನು ಒಂದೇ ನೋಟಕ್ಕೆ ಕಂಡುಹಿಡಿಯಬೇಕೆಂದು ಅವಳಿಗೆ ಹಟ ಬಂತು. ಒಂದು ವರ್ಷ ದೂರವಿರುವ ಮಗು, ಅವ್ವನಿಗೆ ನಾನು ಕಾಣುವುದಿಲ್ಲ ಎಂದುಕೊಂಡು ಹೋಗಬಾರದು. ಪ್ರಯೋಗಶಾಲೆಯಲ್ಲಿ ಮಾಡಿದಂತೆಯೇ ಮಾಡಿದಳು. ಕಣ್ಣು ಮುಚ್ಚಿಕೊಂಡೇ ತಿರುಗಿದಳು. ಉಸಿರು ಬಿಗಿಹಿಡಿದಳು. ಬಲಗಡೆಯ ನೀಲಿ ಡ್ರಮ್ಮನ್ನು ನೆನೆದುಕೊಂಡಳು. ಅವಸರವೇನಿರಲಿಲ್ಲ, ಹಿಂದೆ ಕೆಮ್ಮುವವರೂ ಇರಲಿಲ್ಲ. ಕಣ್ಣು ತೆರೆದಳು. ಎಡಕ್ಕೆ ಜಗ್ಗುವ ನೋಟವನ್ನು ಹಗ್ಗ ಹಿಡಿದು ಎಳೆದಂತೆ ಬಲಕ್ಕೆ ತಂದು ಡ್ರಮ್ಮಿನ ಮೇಲೆ ನಿಲ್ಲಿಸಿದಳು.

ಅಲ್ಲಿ ಮಗು ಇರಲಿಲ್ಲ.

ಡ್ರಮ್ಮಿನ ಹಿಂದೆ ನೋಡಿದಳು. ಇಲ್ಲ. ಬೇಲಿಯ ಸಂದಿ ನೋಡಿದಳು. ರಸ್ತೆಯಲ್ಲಿ ಲಾರಿ ಬಂದ ಸದ್ದಾಯಿತು. "ಪಾಪೂ," ಎಂದು ಕೂಗಿ ಬೇಲಿಯ ಕಡೆ ಓಡಿದಳು.

"ಅವ್ವಾ, ಇಲ್ಲಿ."

ಸ್ಫೂರ್ತಿ ಎಡಗಡೆ ನುಗ್ಗೆ ಮರದ ಬುಡದಲ್ಲಿ, ಒರಳುಕಲ್ಲಿನ ಮೇಲೆ, ಅಡಗಿಕೊಳ್ಳದೆ ನೆಟ್ಟಗೆ ನಿಂತಿತ್ತು. ಊರಿಗೆ ಹೋಗಲೆಂದು ತೆಗೆದಿಟ್ಟಿದ್ದ ಹೊಸ ಲಂಗ ಹಾಕಿಕೊಂಡಿತ್ತು. ಮುಖ ಸಣ್ಣದಾಗಿತ್ತು.

"ನಿನ್ನ ಕಣ್ಣು ಇಲ್ಲೇ ಬರ್ತೈತಲ್ಲ, ಅದಕ್ಕ ಇಲ್ಲೇ ನಿಂತಿದ್ನಿ," ಎಂದಿತು. "ನೀ ಯಾಕ ಆ ಕಡೆ ನೋಡಿದಿ?"

ಮುಂಬಾಗಿಲಲ್ಲಿ ಜೀಪು ಬಂದು ನಿಂತ ಸದ್ದು ಕೇಳಿಸಿತು. ಪಂಪಾಪತಿಯ ಅಕ್ಕ ಒಳಗಿನಿಂದ ಕರೆದಳು. ಹುಲಿಗೆಮ್ಮ ಮಗುವನ್ನು ಒರಳುಕಲ್ಲಿನಿಂದ ಇಳಿಸಿ ಎದೆಗೆ ಒತ್ತಿಕೊಂಡಳು. ಈ ಸಲ ಕಣ್ಣು ಹೋಗಿರಲಿಲ್ಲ. ಈ ಸಲ ಅವಳೇ ನೋಡಿದ್ದಳು.